ಸ್ಟ್ಯಾಂಡ್‌ಅಲೋನ್ ಇಸಿಯು ಹಾಕಿದ್ದೇನೆ, ಎಂಜಿನ್ ಸ್ಟಾರ್ಟ್ ಆಗುತ್ತಿದೆ. ಟ್ಯೂನಿಂಗ್ ಎಲ್ಲಿಂದ ಕಲಿಯಲಿ?

ಹೊಸ ಸ್ಪ್ಯಾನರ್

ಎಲ್ಲರಿಗೂ ನಮಸ್ಕಾರ. ಎಂಜಿನ್ ಬಿಚ್ಚಿ ಜೋಡಿಸುವುದು ಗೊತ್ತು. ಲ್ಯಾಪ್‌ಟಾಪ್ ಹಿಡಿದು ಎಂಜಿನ್ ಮುಂದೆ ಕೂತಿರುವುದು ಇದೇ ಮೊದಲು.

ಗಾಡಿಯ ವಿವರ: 1.8 ಲೀಟರ್, ನಾಲ್ಕು ಸಿಲಿಂಡರ್, 16 ವಾಲ್ವ್. ಸದ್ಯಕ್ಕೆ ಟರ್ಬೋ ಇಲ್ಲ. ಕ್ಯಾಮ್ ಎರಡೂ ಬದಲಾಗಿವೆ, ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಸ್ವಲ್ಪ ಜಾಸ್ತಿ ಇರುವಂಥವು. ಹೆಡರ್ (ಎಕ್ಸಾಸ್ಟ್‌ನ ಮೊದಲ ಪೈಪ್‌ಗಳು) ಬೇರೆ. ಇಂಜೆಕ್ಟರ್ ನಿಮಿಷಕ್ಕೆ 550 ಸಿಸಿಯವು. ಕಂಪನಿಯ ಇಸಿಯು (ಪೆಟ್ರೋಲ್, ಕಿಡಿ ನೋಡಿಕೊಳ್ಳುವ ಕಂಪ್ಯೂಟರ್) ತೆಗೆದು ಸ್ಟ್ಯಾಂಡ್‌ಅಲೋನ್, ಅಂದರೆ ಟೇಬಲ್‌ಗಳನ್ನು ನಾವೇ ಬರೆಯಬಹುದಾದ ಬೇರೆ ಇಸಿಯು, ಹಾಕಿದ್ದೇನೆ. ಏರ್‌ಫ್ಲೋ ಮೀಟರ್ ಇಲ್ಲ, ಮ್ಯಾನಿಫೋಲ್ಡ್ (ಸಿಲಿಂಡರ್‌ಗೆ ಗಾಳಿ ಹೋಗುವ ಪೈಪ್) ಪ್ರೆಶರ್ ಸೆನ್ಸರ್ ನಂಬಿಕೊಂಡು ಸ್ಪೀಡ್ ಡೆನ್ಸಿಟಿಯಲ್ಲಿ, ಅಂದರೆ ಗಾಳಿಯನ್ನು ಒತ್ತಡದಿಂದ ಲೆಕ್ಕ ಹಾಕಿಕೊಂಡು, ಓಡುತ್ತಿದೆ. ಎಕ್ಸಾಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ ನೋಡುವ ವೈಡ್‌ಬ್ಯಾಂಡ್ ಸೆನ್ಸರ್ ಇದೆ.

ಇಸಿಯು ಜೊತೆ ಬಂದ ಬೇಸ್ ಮ್ಯಾಪ್‌ನಲ್ಲಿ (ಶುರುವಿನ ಸೆಟ್ಟಿಂಗ್) ಎಂಜಿನ್ ಸ್ಟಾರ್ಟ್ ಆಗುತ್ತದೆ, ಆಫ್ ಆಗುವುದಿಲ್ಲ, ಆದರೆ ಐಡಲ್ (ಪೆಡಲ್ ಒತ್ತದೆ ಎಂಜಿನ್ ಓಡುವುದು) ಸರಿಯಿಲ್ಲ. ಸಾಫ್ಟ್‌ವೇರ್ ತೆರೆದರೆ ಒಂದರ ಹಿಂದೆ ಒಂದು ಟೇಬಲ್. ವಿಡಿಯೋ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಬೇಕಾದದ್ದು ಮೂರೇ ಉತ್ತರ. ಎಎಫ್‌ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಎಷ್ಟಿರಬೇಕು? ಕಿಡಿಯ ಟೈಮಿಂಗ್ (ಪಿಸ್ಟನ್ ಮೇಲೆ ಬರುವುದಕ್ಕಿಂತ ಎಷ್ಟು ಮುಂಚೆ) ಎಷ್ಟು ಡಿಗ್ರಿ ಕೊಡಬೇಕು? ಆಟೋಟ್ಯೂನ್ ಆನ್ ಮಾಡಿ ಓಡಿಸಿದರೆ ಸಾಕಾ?

ಸುಮ್ನೆ ಟರ್ಬೋ

ಆಟೋಟ್ಯೂನ್ ಆನ್ ಮಾಡಿ ಬ್ರೋ, ಒಂದು ರೌಂಡ್ ಹೊಡೆದು ಬನ್ನಿ. ಟೇಬಲ್ ತಾನಾಗಿಯೇ ತುಂಬಿಕೊಳ್ಳುತ್ತದೆ. ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಕಾರ್ಬ್ ಕಾಲದವನು

ತಡೀರಿ ತಡೀರಿ. ಆಟೋಟ್ಯೂನ್ ಆಮೇಲೆ. ನಿಮ್ಮ ಮೂರು ಪ್ರಶ್ನೆಗಳಿಗೂ ಮುಂಚೆ ಒಂದು ಪ್ರಶ್ನೆ ಇದೆ. ಇಸಿಯು ಹತ್ತು ಡಿಗ್ರಿ ಅಂದಾಗ ಕ್ರ್ಯಾಂಕ್‌ನಲ್ಲಿ ನಿಜವಾಗಿಯೂ ಹತ್ತು ಡಿಗ್ರಿಯೇ ಇದೆಯಾ? ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿಂಚುವ ದೀಪ) ಹಾಕಿ ನೋಡಿದಿರಾ?

ಬಹುತೇಕ ಸ್ಟ್ಯಾಂಡ್‌ಅಲೋನ್‌ಗಳಲ್ಲಿ ಟೈಮಿಂಗ್ ಲಾಕ್ ಮಾಡುವ ಸೌಲಭ್ಯ ಇರುತ್ತದೆ. 10 ಡಿಗ್ರಿಗೆ ಲಾಕ್ ಮಾಡಿ. ಪುಲ್ಲಿ ಗುರುತಿನ ಮೇಲೆ ಲೈಟ್ ಬಿಡಿ. ಪುಲ್ಲಿ ಹಳೆಯದಾಗಿದ್ದರೆ ಅದರ ರಬ್ಬರ್ ಜಾರಿ ಗುರುತೇ ಸುಳ್ಳು ಹೇಳುತ್ತಿರಬಹುದು. ಹಾಗಾಗಿ ಒಂದನೇ ಸಿಲಿಂಡರಿನ ಪ್ಲಗ್ ತೆಗೆದು ಪಿಸ್ಟನ್ ನಿಜವಾಗಿ ಮೇಲೆ ಬರುವ ಜಾಗವನ್ನು ಗುರುತಿನ ಜೊತೆ ತಾಳೆ ನೋಡಿ. ಐಡಲ್‌ನಲ್ಲಿ ಸರಿ ಇದ್ದರೆ ಮುಗಿಯಲಿಲ್ಲ. 3,000, 4,000 ಆರ್‌ಪಿಎಂಗೆ ಏರಿಸಿ ಮತ್ತೆ ನೋಡಿ. ಗುರುತು ಅಲ್ಲಾಡದೆ ನಿಲ್ಲಬೇಕು. ಆರ್‌ಪಿಎಂ ಏರಿದಂತೆ ಗುರುತು ಸರಿಯುತ್ತಿದ್ದರೆ ಟ್ರಿಗರ್ (ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ಹೇಳುವ ಸಿಗ್ನಲ್) ಸೆಟ್ಟಿಂಗ್ ತಪ್ಪಿದೆ, ಅಥವಾ ಕ್ರ್ಯಾಂಕ್ ಸೆನ್ಸರಿನ ಎರಡು ವೈರ್ ಅದಲುಬದಲಾಗಿವೆ.

ಆಮೇಲೆ ಸೆನ್ಸರ್‌ಗಳು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ. ಕೂಲಂಟ್ ತಾಪಮಾನ, ಒಳಗೆ ಹೋಗುವ ಗಾಳಿಯ ತಾಪಮಾನ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಎಂಜಿನ್ ಓಡದಿದ್ದಾಗ ಮ್ಯಾನಿಫೋಲ್ಡ್ ಪ್ರೆಶರ್ ಅಂದರೆ ಹೊರಗಿನ ಗಾಳಿಯ ಒತ್ತಡವೇ. ಸಮುದ್ರ ಮಟ್ಟದಲ್ಲಿ 101 ಕಿಲೋಪಾಸ್ಕಲ್ ಆಸುಪಾಸು, ಎತ್ತರದ ಜಾಗದಲ್ಲಿ ಅದಕ್ಕಿಂತ ಕಡಿಮೆ. ಪೆಡಲ್ ಪೂರ್ತಿ ಒತ್ತಿದರೆ ಥ್ರಾಟಲ್ 100 ತೋರಿಸಬೇಕು, ಬಿಟ್ಟರೆ ಸೊನ್ನೆ. ಇಷ್ಟೂ ಸರಿಯಾದ ಮೇಲೆ ಟೇಬಲ್ ಮುಟ್ಟಿ. ಅಲ್ಲಿಯವರೆಗೆ ಕೈ ಜೇಬಲ್ಲಿರಲಿ.

ಲ್ಯಾಂಬ್ಡಾ ಒಂದು

ಕಾರ್ಬ್ ಅಣ್ಣ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಆಟೋಟ್ಯೂನ್ ಯಾಕೆ ಆಮೇಲೆ ಅನ್ನುವುದನ್ನು ನಾನು ಹೇಳುತ್ತೇನೆ.

ಸಿಲಿಂಡರ್ ಒಳಗೆ ಎಷ್ಟು ಗಾಳಿ ಹೋಯಿತು ಅಂತ ನಿಮ್ಮ ಇಸಿಯುಗೆ ಕಾಣುವುದಿಲ್ಲ. ಅದು ಲೆಕ್ಕ ಹಾಕುತ್ತದೆ. ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ಎಷ್ಟು, ಗಾಳಿ ಎಷ್ಟು ಬಿಸಿ, ಸಿಲಿಂಡರ್ ಎಷ್ಟು ದೊಡ್ಡದು ಅಂತ ನೋಡಿ, ಅದಕ್ಕೆ ವಿಇ ಟೇಬಲ್‌ನಲ್ಲಿರುವ, ಸಿಲಿಂಡರ್ ಎಷ್ಟು ಪಾಲು ತುಂಬುತ್ತದೆ ಅನ್ನುವ ಶೇಕಡಾವಾರು ಹಚ್ಚುತ್ತದೆ. ಬಂದ ಗಾಳಿಯ ತೂಕಕ್ಕೆ ತಕ್ಕಷ್ಟು ಪೆಟ್ರೋಲ್ ಬೇಕು. ಅಷ್ಟು ಪೆಟ್ರೋಲ್ ಬರಲು ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅನ್ನುವುದು ಮತ್ತೊಂದು ಲೆಕ್ಕ. ಈ ಸರಪಳಿಯಲ್ಲಿ ಎಲ್ಲೇ ತಪ್ಪಿದ್ದರೂ ಕೊನೆಗೆ ವೈಡ್‌ಬ್ಯಾಂಡ್‌ನಲ್ಲಿ ರಿಚ್ (ಪೆಟ್ರೋಲ್ ಜಾಸ್ತಿ) ಅಥವಾ ಲೀನ್ (ಪೆಟ್ರೋಲ್ ಕಡಿಮೆ) ಅಂತಷ್ಟೇ ಕಾಣುತ್ತದೆ. ಆಟೋಟ್ಯೂನ್‌ಗೆ ಗೊತ್ತಿರುವುದು ವಿಇ ಟೇಬಲ್ ಒಂದೇ. ತಪ್ಪು ಎಲ್ಲಿದ್ದರೂ ಅದನ್ನು ತಂದು ವಿಇ ಟೇಬಲ್‌ಗೆ ತುರುಕುತ್ತದೆ. ತಕ್ಕಡಿಯೇ ಸೊಟ್ಟಗಿರುವಾಗ ತೂಕದ ಬಗ್ಗೆ ಜಗಳ ಆಡಿದ ಹಾಗೆ.

ಎಎಫ್‌ಆರ್ ಎಷ್ಟು ಅಂತ ಕೇಳಿದಿರಿ. ಮೊದಲು ಎಎಫ್‌ಆರ್ ಬಿಟ್ಟು ಲ್ಯಾಂಬ್ಡಾದಲ್ಲಿ ಯೋಚಿಸಿ. ಇಂಧನ ಪೂರ್ತಿ ಸುಡಲು ಬೇಕಾದ ಎಎಫ್‌ಆರ್ ಬರೀ ಪೆಟ್ರೋಲ್‌ಗೆ 14.7, ಬರೀ ಎಥನಾಲ್‌ಗೆ 9, ಬೆರೆಸಿದ್ದಕ್ಕೆ ಮಧ್ಯದಲ್ಲೆಲ್ಲೋ. ಲ್ಯಾಂಬ್ಡಾದಲ್ಲಿ ಎಲ್ಲಕ್ಕೂ 1.00, ಅದಕ್ಕಿಂತ ಜಾಸ್ತಿ ಅಂದರೆ ಲೀನ್, ಕಡಿಮೆ ಅಂದರೆ ರಿಚ್. ಸೆನ್ಸರ್ ಅಳೆಯುವುದೂ ಅದನ್ನೇ. ಗೇಜ್ 14.7 ತೋರಿಸುತ್ತಿದ್ದರೆ ಅದು ಲ್ಯಾಂಬ್ಡಾವನ್ನು 14.7ರಿಂದ ಗುಣಿಸಿ ತೋರಿಸುತ್ತಿದೆ, ಟ್ಯಾಂಕ್‌ನಲ್ಲಿ ಯಾವ ಇಂಧನ ಇದೆ ಅಂತ ಅದಕ್ಕೇನೂ ಗೊತ್ತಿಲ್ಲ.

ನಿಮ್ಮಂಥ ಟರ್ಬೋ ಇಲ್ಲದ ಎಂಜಿನ್‌ಗೆ ಶುರುವಿನಲ್ಲಿ: ಸಮಾಧಾನವಾಗಿ ಓಡುವಾಗ 1.00, ಪೂರ್ತಿ ಥ್ರಾಟಲ್‌ನಲ್ಲಿ 0.86ರಿಂದ 0.88. ನಡುವೆ ನಿಧಾನವಾಗಿ ಇಳಿಯಲಿ. ಟರ್ಬೋ ಇದ್ದವರು ಬೂಸ್ಟ್‌ನಲ್ಲಿ ಸಾಮಾನ್ಯವಾಗಿ 0.78ರಿಂದ 0.82ರ ನಡುವೆ ಇರುತ್ತಾರೆ. ಅಲ್ಲಿ ಹೆಚ್ಚುವರಿ ಪೆಟ್ರೋಲ್ ಶಕ್ತಿಗಲ್ಲ, ಸಿಲಿಂಡರ್ ತಣ್ಣಗಿರಲಿ ಅಂತ.

ಈಗ ನನ್ನ ಪ್ರಶ್ನೆ. ಇಂಜೆಕ್ಟರ್ 550 ಸಿಸಿ ಅಂದಿರಿ. ಯಾವ ಒತ್ತಡದಲ್ಲಿ 550? ಡೆಡ್ ಟೈಮ್ ಎಷ್ಟು ಬರೆದಿದ್ದೀರಿ?

ಹೊಸ ಸ್ಪ್ಯಾನರ್

ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಧನ್ಯವಾದ.

ಟೈಮಿಂಗ್ ಲೈಟ್ ತಂದೆ. ಇಸಿಯು ಹತ್ತು ಅಂದರೆ ಪುಲ್ಲಿಯಲ್ಲಿ ಹದಿನಾಲ್ಕು ತೋರಿಸುತ್ತಿತ್ತು! ಟ್ರಿಗರ್ ಆಂಗಲ್‌ನಲ್ಲಿ ನಾಲ್ಕು ಡಿಗ್ರಿ ತಿದ್ದಿದೆ. ಈಗ 4,000ದವರೆಗೂ ಗುರುತು ಅಲ್ಲಾಡುವುದಿಲ್ಲ. ಸೆನ್ಸರ್‌ಗಳು ಎಲ್ಲ ಸರಿ ಇವೆ.

ಇಂಜೆಕ್ಟರ್ 3 ಬಾರ್‌ಗೆ 550. ನನ್ನ ರೆಗ್ಯುಲೇಟರ್ ಕೂಡ 3 ಬಾರ್, ವ್ಯಾಕ್ಯೂಮ್ ಪೈಪ್ ಮ್ಯಾನಿಫೋಲ್ಡ್‌ಗೆ ಜೋಡಿಸಿದೆ. ಡೆಡ್ ಟೈಮ್ ಅಂದರೆ ಏನು? ಹುಡುಕಿದಾಗ 0.6 ಅಂತ ಸಿಕ್ಕಿತು, ಬೇಸ್ ಮ್ಯಾಪ್ ಜೊತೆ ಬಂದದ್ದೇ. ಪಕ್ಕದಲ್ಲಿ ವೋಲ್ಟೇಜ್ ಕರೆಕ್ಷನ್ ಅಂತ ಒಂದು ಸಾಲಿದೆ. ಎಲ್ಲವೂ ಸೊನ್ನೆ.

ಸೋಲ್ಡರ್ ಹೊಗೆ

ಡೆಡ್ ಟೈಮ್ ವಿಷಯ ಲ್ಯಾಂಬ್ಡಾ ಹೇಳಲಿ. ಅದಕ್ಕೂ ಮೊದಲು ವೈಡ್‌ಬ್ಯಾಂಡ್ ಹೇಗೆ ಜೋಡಿಸಿದ್ದೀರಿ ಹೇಳಿ. ಕ್ಯಾನ್ (ಡಿಜಿಟಲ್) ವೈರ್‌ನಲ್ಲೋ, 0-5 ವೋಲ್ಟ್ ಅನಲಾಗ್‌ನಲ್ಲೋ?

ಅನಲಾಗ್ ಆದರೆ ಗ್ರೌಂಡ್ ನೋಡಿಕೊಳ್ಳಿ. 0-5 ವೋಲ್ಟ್ ಅಂದರೆ 10ರಿಂದ 20 ಎಎಫ್‌ಆರ್ ಅಂತ ಇಟ್ಟುಕೊಂಡರೆ, 0.1 ವೋಲ್ಟ್ ವ್ಯತ್ಯಾಸ ಬಂದರೂ ಲಾಗ್‌ನಲ್ಲಿ 0.2 ಎಎಫ್‌ಆರ್ ಸುಳ್ಳು. ಗೇಜ್‌ನಲ್ಲಿ ಒಂದು, ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು. ಸೆನ್ಸರ್ ಒಳಗಿನ ಹೀಟರ್ ಕರೆಂಟ್ ಎಳೆಯುತ್ತದೆ, ಅದರ ಗ್ರೌಂಡ್ ಮತ್ತು ಸಿಗ್ನಲ್ ಗ್ರೌಂಡ್ ಒಂದೇ ತೆಳು ವೈರ್‌ನಲ್ಲಿ ಹೋದರೆ ಇದು ಆಗಿಯೇ ಆಗುತ್ತದೆ. ಬೇರೆ ಬೇರೆ ಎಳೆಯಿರಿ. ಕ್ಯಾನ್ ಇದ್ದರೆ ಈ ತಲೆನೋವೇ ಇಲ್ಲ.

ಸೆನ್ಸರ್ ಪೈಪ್‌ನ ಮೇಲ್ಭಾಗದಲ್ಲಿರಲಿ, ಗಡಿಯಾರದ 10 ಮತ್ತು 2ರ ನಡುವೆ. ಕೆಳಗಿದ್ದರೆ ತಣ್ಣಗಿನ ಎಕ್ಸಾಸ್ಟ್‌ನಲ್ಲಿ ಕೂಡುವ ನೀರು ಬಿದ್ದು ಬಿಸಿ ಸೆರಾಮಿಕ್ ಒಡೆಯುತ್ತದೆ. ಬಾಷ್ ಎಲ್‌ಎಸ್‌ಯು 4.9 ಆದರೂ ಅಷ್ಟೇ. ಕಂಟ್ರೋಲರ್‌ಗೆ ಪವರ್ ಕೊಡದೆ ಸೆನ್ಸರ್ ಪೈಪ್‌ನಲ್ಲಿ ಬಿಟ್ಟು ಎಂಜಿನ್ ಓಡಿಸಬೇಡಿ, ಮಸಿ ಕಟ್ಟಿ ಸಾಯುತ್ತದೆ. ಸೆನ್ಸರಿಗಿಂತ ಮುಂಚೆ ಹೆಡರ್ ಗ್ಯಾಸ್ಕೆಟ್ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಲೀನ್ ತೋರಿಸುತ್ತದೆ. ನೀವು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತಾ ಹೋಗುತ್ತೀರಿ.

ಹೊಸ ಸ್ಪ್ಯಾನರ್

ಅನಲಾಗೇ ಇತ್ತು. ಗೇಜ್‌ಗೂ ಲಾಗ್‌ಗೂ 0.3 ವ್ಯತ್ಯಾಸ ಇತ್ತು. ಗ್ರೌಂಡ್ ಬೇರೆ ಎಳೆದ ಮೇಲೆ ಎರಡೂ ಒಂದೇ ಹೇಳುತ್ತಿವೆ.

ಈಗ ಐಡಲ್ ಕಥೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನ ಸೆಲ್‌ಗಳನ್ನು ಕೈಯಲ್ಲೇ ತಿದ್ದಿ ಲ್ಯಾಂಬ್ಡಾ 1.00ಕ್ಕೆ ತಂದೆ. 45 ಕಿಲೋಪಾಸ್ಕಲ್‌ನಲ್ಲಿ ವಿಇ 67 ಬಂತು. ಆಗ ಐಡಲ್ ಚೆನ್ನಾಗಿಯೇ ಇರುತ್ತದೆ. ರೇಡಿಯೇಟರ್ ಫ್ಯಾನ್ ಆನ್ ಆದ ತಕ್ಷಣ ಶುರುವಾಗುತ್ತದೆ ಕುಣಿತ. 850ಕ್ಕೆ ಬೀಳುತ್ತದೆ, 1,250ಕ್ಕೆ ಹಾರುತ್ತದೆ, ಮತ್ತೆ ಬೀಳುತ್ತದೆ. ಐಡಲ್ ವಾಲ್ವ್‌ನ ಸೆಟ್ಟಿಂಗ್ ಎಲ್ಲ ತಿರುಗಿಸಿ ನೋಡಿದೆ, ಪ್ರಯೋಜನ ಇಲ್ಲ.

ಲಾಗ್‌ನಲ್ಲಿ ಕಂಡದ್ದು: ಫ್ಯಾನ್ ಆಫ್ ಇದ್ದಾಗ ಬ್ಯಾಟರಿ 14.1 ವೋಲ್ಟ್, ಇಂಜೆಕ್ಟರ್ 2.2 ಮಿಲಿಸೆಕೆಂಡ್, ಲ್ಯಾಂಬ್ಡಾ 1.00. ಫ್ಯಾನ್ ಮತ್ತು ಹೆಡ್‌ಲೈಟ್ ಆನ್ ಆದಾಗ 13.2 ವೋಲ್ಟ್, ಇಂಜೆಕ್ಟರ್ ಅದೇ 2.2, ಲ್ಯಾಂಬ್ಡಾ 1.10. ಪೆಟ್ರೋಲ್ ಅಷ್ಟೇ ಕೊಡುತ್ತಿದ್ದರೂ ಲೀನ್ ಹೇಗೆ?

ಲ್ಯಾಂಬ್ಡಾ ಒಂದು

ಆಹಾ! ಇಂಥ ಲಾಗ್ ಹಾಕುವವರು ಸಿಕ್ಕರೆ ಉತ್ತರ ಕೊಡುವುದೇ ಖುಷಿ. ಅಷ್ಟೇ ಪೆಟ್ರೋಲ್ ಕೊಡುತ್ತಿಲ್ಲ ಸ್ಪ್ಯಾನರ್. ಅಷ್ಟೇ ಹೊತ್ತು ಕರೆಂಟ್ ಕೊಡುತ್ತಿದ್ದೀರಿ.

ಇಂಜೆಕ್ಟರ್ ಅಂದರೆ ಸುರುಳಿ ಸುತ್ತಿದ ಒಂದು ವಾಲ್ವ್. ಕರೆಂಟ್ ಬಂದ ತಕ್ಷಣ ಅದು ತೆರೆಯುವುದಿಲ್ಲ. ಸೂಜಿ ಏಳಲು ಸಮಯ ಬೇಕು. ಆ ಹೊತ್ತಿನಲ್ಲಿ ಪೆಟ್ರೋಲ್ ಬರುವುದಿಲ್ಲ. ಮುಚ್ಚುವಾಗಲೂ ಸ್ವಲ್ಪ ತಡ, ಆದರೆ ತೆರೆಯುವ ತಡಕ್ಕಿಂತ ಕಡಿಮೆ. ಇದರ ಲೆಕ್ಕಾಚಾರವೇ ಡೆಡ್ ಟೈಮ್. ವೋಲ್ಟೇಜ್ ಬಿದ್ದರೆ ಸುರುಳಿಗೆ ಶಕ್ತಿ ಕಡಿಮೆ, ಸೂಜಿ ಇನ್ನೂ ನಿಧಾನ. ಆದ್ದರಿಂದ ವೋಲ್ಟೇಜ್ ಇಳಿದಂತೆ ಡೆಡ್ ಟೈಮ್ ಏರಬೇಕು. ನಿಮ್ಮ ಕರೆಕ್ಷನ್ ಸಾಲು ಪೂರ್ತಿ ಸೊನ್ನೆ. ಹಾಗಾಗಿ ಫ್ಯಾನ್ ಆನ್ ಆದಾಗ ಸೂಜಿ ತಡವಾಗಿ ಎದ್ದಿತು, ಇಸಿಯುಗೆ ಅದು ಗೊತ್ತೇ ಆಗಲಿಲ್ಲ.

0.6 ಕೂಡ ತಪ್ಪು ಅಂತ ನನ್ನ ಅನುಮಾನ. ನಿಮ್ಮ ವಿಇಯೇ ಹೇಳುತ್ತಿದೆ. ಓವರ್‌ಲ್ಯಾಪ್ ಜಾಸ್ತಿ ಇರುವ ಕ್ಯಾಮ್ ಹಾಕಿ ಐಡಲ್‌ನಲ್ಲಿ 67 ಬರುವುದುಂಟೇ? ಅಲ್ಲಿ ಸುಟ್ಟ ಹೊಗೆ ವಾಪಸ್ ಮ್ಯಾನಿಫೋಲ್ಡ್‌ಗೆ ನುಗ್ಗುತ್ತದೆ, ಗಾಳಿ ತುಂಬುವುದು ಕಡಿಮೆಯಾಗಬೇಕು. ಐವತ್ತರ ಸುತ್ತ ಇದ್ದರೆ ನಂಬಬಹುದು.

ಲೆಕ್ಕ ಹಾಕಿ ನೋಡಿ. ನಿಜವಾದ ಡೆಡ್ ಟೈಮ್ 1.0 ಅಂತ ಇಟ್ಟುಕೊಳ್ಳಿ. 2.2ರಲ್ಲಿ 1.0 ಹೋದರೆ ಪೆಟ್ರೋಲ್ ಬಂದದ್ದು 1.2 ಮಿಲಿಸೆಕೆಂಡ್. ಆದರೆ ಇಸಿಯು ಕಳೆದದ್ದು 0.6 ಮಾತ್ರ, ಹಾಗಾಗಿ 1.6 ಮಿಲಿಸೆಕೆಂಡ್ ಪೆಟ್ರೋಲ್ ಬಂತು ಅಂದುಕೊಂಡಿದೆ. 67 ಅನ್ನು 1.6ರಿಂದ ಭಾಗಿಸಿ 1.2ರಿಂದ ಗುಣಿಸಿ. ಐವತ್ತು!

ಇದೇ 0.4ರ ತಪ್ಪು ಪೂರ್ತಿ ಥ್ರಾಟಲ್‌ನಲ್ಲಿ ಅಷ್ಟು ಕಾಣುವುದಿಲ್ಲ. ಅಲ್ಲಿ ಇಂಜೆಕ್ಟರ್ ಒಟ್ಟು 6.5 ಆಸುಪಾಸು ತೆರೆದಿರುತ್ತದೆ, 5.5ರಲ್ಲಿ 0.4 ಅಂದರೆ ಶೇ 7. ಐಡಲ್‌ನಲ್ಲಿ 1.2ರಲ್ಲಿ 0.4, ಮೂರರಲ್ಲಿ ಒಂದು ಪಾಲು. ಅದಕ್ಕೇ ದೊಡ್ಡ ಇಂಜೆಕ್ಟರ್ ಹಾಕಿದವರೆಲ್ಲ ಐಡಲ್ ಸರಿಯಿಲ್ಲ ಅಂತ ಅಳುವುದು. ಟರ್ಬೋ ಇಲ್ಲದ 1.8ಕ್ಕೆ 550 ಸಿಸಿ ಜಾಸ್ತಿಯಾಯಿತು ಬಿಡಿ. ಮುಂದೆ ಟರ್ಬೋ ಹಾಕುವ ಯೋಚನೆ ಇದ್ದರೆ ಇರಲಿ.

ಇಂಜೆಕ್ಟರ್ ಮೇಲಿರುವ ಪಾರ್ಟ್ ನಂಬರ್ ಹಿಡಿದು ಅದರ ಡೆಡ್ ಟೈಮ್ ಪಟ್ಟಿ ತರಿಸಿಕೊಳ್ಳಿ. ವೋಲ್ಟೇಜ್‌ಗೊಂದು ಸಂಖ್ಯೆ ಇರುವ ಪಟ್ಟಿ. ಒಳ್ಳೆಯ ಇಂಜೆಕ್ಟರ್ ಮಾರುವವರು ಅದನ್ನು ಕೊಡುತ್ತಾರೆ. ಕೊಡದವರ ಹತ್ತಿರ ಇಂಜೆಕ್ಟರ್ ಕೊಳ್ಳುವುದೇ ಬೇಡ ಅನ್ನುವುದು ನನ್ನ ಮಾತು.

ಕಾರ್ಬ್ ಕಾಲದವನು

ಪಟ್ಟಿ ಸಿಗದಿದ್ದರೆ ಗಾಡಿಯಲ್ಲೇ ಕಂಡುಹಿಡಿಯಬಹುದು. ಐಡಲ್‌ನಲ್ಲಿ ಒಂದು ಸೈಕಲ್‌ಗೆ ಒಂದು ಸಲ ಇಂಜೆಕ್ಟ್ ಮಾಡುತ್ತಿರುವುದನ್ನು ಎರಡು ಸಲಕ್ಕೆ ಬದಲಿಸಿ. ಪೆಟ್ರೋಲ್ ಅರ್ಧರ್ಧ ಹಂಚಿಕೆಯಾಗುತ್ತದೆ, ಡೆಡ್ ಟೈಮ್ ಮಾತ್ರ ಎರಡು ಸಲ ಬರುತ್ತದೆ. ಡೆಡ್ ಟೈಮ್ ಸರಿ ಇದ್ದರೆ ಲ್ಯಾಂಬ್ಡಾ ಬದಲಾಗಬಾರದು. ಲೀನ್ ಆದರೆ ನೀವು ಬರೆದದ್ದು ಕಡಿಮೆ, ರಿಚ್ ಆದರೆ ಜಾಸ್ತಿ.

ಸೋಲ್ಡರ್ ಹೊಗೆ

ಅಣ್ಣ, ಚಿಕ್ಕ ಇಂಜೆಕ್ಟರ್‌ಗೆ ಅದು ಸರಿ. ಇವರದ್ದು 550. ಎರಡು ಸಲ ಮಾಡಿದರೆ ಒಂದೊಂದಕ್ಕೆ ಬರುವುದು 0.6 ಮಿಲಿಸೆಕೆಂಡ್ ಪೆಟ್ರೋಲ್. ಅಷ್ಟು ಚಿಕ್ಕ ಸಮಯದಲ್ಲಿ ಸೂಜಿ ಪೂರ್ತಿ ಮೇಲೇಳುವುದೇ ಇಲ್ಲ, ಇಂಜೆಕ್ಟರ್ ನೇರ ಲೆಕ್ಕಕ್ಕೆ ಸಿಗುವುದಿಲ್ಲ. ಆ ಏರುಪೇರನ್ನೆಲ್ಲ ಡೆಡ್ ಟೈಮ್ ತಲೆಗೆ ಕಟ್ಟಿಬಿಡುತ್ತೀರಿ. ಅದೂ ಅಲ್ಲದೆ 0.6 ಬರೆದಿಟ್ಟುಕೊಂಡು ಎರಡಕ್ಕೆ ಬದಲಿಸಿದರೆ ಎಂಜಿನ್ ನಿಂತೇ ಹೋಗುತ್ತದೆ.

ಕಾರ್ಬ್ ಕಾಲದವನು

ನಿಂತರೆ ನಿಲ್ಲಲಿ, ಅದೂ ಒಂದು ಉತ್ತರವೇ. ಆದರೆ ಮಾತು ನಿಜ, ದೊಡ್ಡ ಇಂಜೆಕ್ಟರ್‌ಗೆ ಪಟ್ಟಿಯೇ ಉತ್ತಮ. ಪಟ್ಟಿ ಹಾಕಿದ ಮೇಲೆ ಫ್ಯಾನ್, ಲೈಟ್, ಬ್ಲೋವರ್ ಎಲ್ಲ ಆನ್ ಮಾಡಿ ಲ್ಯಾಂಬ್ಡಾ ಕದಲುತ್ತದಾ ನೋಡಿ. ಪಟ್ಟಿ ಸರಿ ಇದೆಯಾ ಅಂತ ಅದರಲ್ಲೇ ಗೊತ್ತಾಗುತ್ತದೆ.

ಹೊಸ ಸ್ಪ್ಯಾನರ್

ಪಟ್ಟಿ ಸಿಕ್ಕಿತು. 14 ವೋಲ್ಟ್‌ಗೆ 1.00, 13ಕ್ಕೆ 1.12, 12ಕ್ಕೆ 1.28, 11ಕ್ಕೆ 1.48. ಲ್ಯಾಂಬ್ಡಾ ಅವರು ನೋಡದೆಯೇ ಹೇಳಿದ ಸಂಖ್ಯೆ!

ಹಾಕಿ ಇಸಿಯುನಲ್ಲಿ ಬರ್ನ್ ಮಾಡಿದೆ (ಉಳಿಸಿದೆ). ಎಂಜಿನ್ ಒಮ್ಮೆಲೇ ಸಿಕ್ಕಾಪಟ್ಟೆ ರಿಚ್. ಆಮೇಲೆ ಐಡಲ್‌ನ ವಿಇ ಇಳಿಸುತ್ತಾ ಬಂದೆ, 51ರಲ್ಲಿ 1.00 ಬಂತು. ಫ್ಯಾನ್, ಹೆಡ್‌ಲೈಟ್, ಬ್ಲೋವರ್ ಮೂರೂ ಆನ್ ಮಾಡಿದರೆ 1.01. ಕುಣಿತ ಇಲ್ಲ. ಐಡಲ್ ವಾಲ್ವ್ ಸೆಟ್ಟಿಂಗ್ ಎಲ್ಲ ಹಳೆಯದಕ್ಕೇ ವಾಪಸ್ ತಂದೆ.

ಲ್ಯಾಂಬ್ಡಾ ಒಂದು

ಭೇಷ್! ಒಂದು ಮಾತು. ಐಡಲ್‌ನಲ್ಲಿ 1.00 ಬರಲೇಬೇಕು ಅಂತ ಹಟ ಬೇಡ. ನಿಮ್ಮ ಕ್ಯಾಮ್‌ನ ಓವರ್‌ಲ್ಯಾಪ್‌ನಿಂದ ಸ್ವಲ್ಪ ಹೊಸ ಗಾಳಿ ಸುಡದೆಯೇ ಎಕ್ಸಾಸ್ಟ್‌ಗೆ ಹೋಗುತ್ತದೆ. ಒಂದೊಂದು ಉರಿ ತಪ್ಪಿದರೂ ಹಾಗೇ. ಸೆನ್ಸರ್ ನೋಡುವುದು ಆಮ್ಲಜನಕ, ಹಾಗಾಗಿ ಇರುವುದಕ್ಕಿಂತ ಲೀನ್ ಅನ್ನುತ್ತದೆ. ಎಂಜಿನ್ ಎಲ್ಲಿ ನೆಮ್ಮದಿಯಾಗಿ ಓಡುತ್ತದೋ ಅಲ್ಲಿ ಬಿಡಿ, 0.95 ಆದರೂ ಪರವಾಗಿಲ್ಲ.

ಈಗ ಓಡಿಸುವಾಗಿನ ವಿಇ. ಲಾಗ್ ಮಾಡಿಕೊಂಡು ಬನ್ನಿ, ಗಾಡಿ ನಿಲ್ಲಿಸಿ ಆಮೇಲೆ ತಿದ್ದಿ. ತಿದ್ದುವ ಲೆಕ್ಕ ಸುಲಭ. ಇರುವ ವಿಇಯನ್ನು ಬಂದ ಲ್ಯಾಂಬ್ಡಾದಿಂದ ಗುಣಿಸಿ, ಬೇಕಾದ ಲ್ಯಾಂಬ್ಡಾದಿಂದ ಭಾಗಿಸಿ. ಸೆಲ್‌ನಲ್ಲಿ 62 ಇದೆ, ಬೇಕಾದದ್ದು 1.00, ಬಂದದ್ದು 1.06, ಹಾಗಾದರೆ 65.7. ತಿದ್ದುವಾಗ ಕ್ಲೋಸ್ಡ್ ಲೂಪ್ ಆಫ್ ಇರಲಿ. ಇಲ್ಲದಿದ್ದರೆ ಇಸಿಯು ಒಂದು ಕಡೆಯಿಂದ ತಿದ್ದುತ್ತದೆ, ನೀವು ಇನ್ನೊಂದು ಕಡೆಯಿಂದ.

ಲಾಗ್‌ನ ಯಾವ ಸಾಲನ್ನು ನಂಬಬೇಕು ಅನ್ನುವುದೇ ಕಷ್ಟದ ಭಾಗ. ಥ್ರಾಟಲ್ ಚಲಿಸುತ್ತಿದ್ದ ಕ್ಷಣಗಳನ್ನು ಬಿಡಿ. ಎಂಜಿನ್ ತಣ್ಣಗಿದ್ದಾಗಿನದ್ದು ಬಿಡಿ. ಪೆಡಲ್ ಬಿಟ್ಟು ಇಳಿಜಾರಿನಲ್ಲಿ ಹೋಗುವಾಗ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಸೆನ್ಸರ್ ಬರೀ ಗಾಳಿ ನೋಡಿ ವಿಪರೀತ ಲೀನ್ ಅನ್ನುತ್ತದೆ, ಅದನ್ನಂತೂ ಬಿಡಲೇಬೇಕು. ಸಿಲಿಂಡರ್‌ನಿಂದ ಹೊಗೆ ಸೆನ್ಸರ್ ಮುಟ್ಟುವುದಕ್ಕೂ ಸಮಯ ಬೇಕು. ಕಡಿಮೆ ಆರ್‌ಪಿಎಂನಲ್ಲಿ ತಡ ಜಾಸ್ತಿ. ಅಂದರೆ ಈ ಕ್ಷಣದ ಲ್ಯಾಂಬ್ಡಾ ಸ್ವಲ್ಪ ಹಿಂದಿನ ಸೆಲ್‌ನದ್ದು. ಸಾಫ್ಟ್‌ವೇರ್‌ನಲ್ಲಿ ಈ ಫಿಲ್ಟರ್‌ಗಳಿರುತ್ತವೆ, ಅವನ್ನು ಹಾಕಿಕೊಂಡ ಮೇಲೆ ಆಟೋಟ್ಯೂನ್ ಒಳ್ಳೆಯ ಆಳು. ಸುಮ್ನೆ ಟರ್ಬೋ ಬ್ರೋ, ಈಗ ನಿಮ್ಮ ಮಾತು ಕೇಳಬಹುದು.

ತಿದ್ದಿದ ಮೇಲೆ ಟೇಬಲ್ ಅನ್ನು 3ಡಿಯಲ್ಲಿ ನೋಡಿ. ನಯವಾದ ಗುಡ್ಡದ ಥರ ಇರಬೇಕು. ಮಧ್ಯೆ ಒಂದು ಸೆಲ್ ಮಾತ್ರ ಗುಂಡಿ ಬಿದ್ದಿದ್ದರೆ ಅದು ಎಂಜಿನ್‌ನದ್ದಲ್ಲ, ಲಾಗ್‌ನದ್ದು.

ಸುಮ್ನೆ ಟರ್ಬೋ

ನಾನು ಹೇಳಿದ್ದೂ ಅದೇ ಅಲ್ವಾ, ಸ್ವಲ್ಪ ಬೇಗ ಹೇಳಿದೆ ಅಷ್ಟೇ 😄

ಆದರೆ ನನ್ನದು ಬೇರೆ ಪ್ರಶ್ನೆ. ನನ್ನ ಗಾಡಿಯಲ್ಲಿ ಕಂಪನಿ ಇಸಿಯುವೇ ಇದೆ. ಅದನ್ನೇ ರೀಫ್ಲ್ಯಾಶ್ ಮಾಡಿ (ಒಳಗಿನ ಫೈಲ್ ಬದಲಿಸಿ) ಕಲಿಯಬೇಕು ಅಂತಿದ್ದೇನೆ. ಇದೆಲ್ಲ ಅದಕ್ಕೂ ಅನ್ವಯಿಸುತ್ತದಾ?

ಸೋಲ್ಡರ್ ಹೊಗೆ

ತತ್ವ ಅದೇ. ದಾರಿ ಬೇರೆ. ಅಲ್ಲಿ ಮೊದಲು ಇಸಿಯು ಒಳಗಿನ ಫೈಲ್ ಓದಬೇಕು. ಯಾವ ವಿಳಾಸದಲ್ಲಿ ಯಾವ ಟೇಬಲ್ ಇದೆ ಅಂತ ಹೇಳುವ ಡೆಫಿನಿಷನ್ ಫೈಲ್ ಬೇಕು. ಸುಬಾರುಗೆ ರಾಮ್‌ರೈಡರ್, ಹೋಂಡಾಗೆ ಹೋಂಡಾಟಾ, ಜಿಎಂ ಗಾಡಿಗಳಿಗೆ ಎಚ್‌ಪಿ ಟ್ಯೂನರ್ಸ್, ಹೀಗೆ ಒಂದೊಂದಕ್ಕೆ ಒಂದೊಂದು ಉಪಕರಣ. ನಿಮ್ಮ ಮಾಡೆಲ್‌ಗೆ ಒಳ್ಳೆಯ ಡೆಫಿನಿಷನ್ ಇಲ್ಲದಿದ್ದರೆ ಅಲ್ಲೇ ಬಿಡಿ.

ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಇಸಿಯುಗಳು ಬಹುತೇಕ ಟಾರ್ಕ್ ಲೆಕ್ಕದ ಮೇಲೆ ನಡೆಯುತ್ತವೆ. ಬಾಷ್ ಎಂಇ7 ಅದಕ್ಕೆ ಹಳೆಯ ಉದಾಹರಣೆ. ಪೆಡಲ್ ಒತ್ತಿದರೆ ಅದು ಥ್ರಾಟಲ್ ತೆರೆಯುವ ಅಪ್ಪಣೆ ಅಲ್ಲ, ಇಷ್ಟು ಟಾರ್ಕ್ ಬೇಕು ಅನ್ನುವ ಮನವಿ. ಇಸಿಯು ಅಷ್ಟಕ್ಕೆ ಎಷ್ಟು ಗಾಳಿ ಬೇಕು ಅಂತ ನೋಡಿ ಥ್ರಾಟಲ್ ತೆರೆಯುತ್ತದೆ. ನೀವು ಒಂದು ಟೇಬಲ್ ಮಾತ್ರ ಏರಿಸಿ ಎಂಜಿನ್ ಲೆಕ್ಕಕ್ಕಿಂತ ಜಾಸ್ತಿ ಟಾರ್ಕ್ ಕೊಟ್ಟರೆ, ಏನೋ ಕೆಟ್ಟಿದೆ ಅಂದುಕೊಂಡು ಅದೇ ಥ್ರಾಟಲ್ ಮುಚ್ಚುತ್ತದೆ. ಹೊಸಬರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು.

ಏರ್‌ಫ್ಲೋ ಮೀಟರ್ ಇರುವ ಗಾಡಿಗೆ ದೊಡ್ಡ ಇನ್‌ಟೇಕ್ ಪೈಪ್ ಹಾಕಿದರೂ ಲೆಕ್ಕ ಕೆಡುತ್ತದೆ. ಪೈಪ್ ಅಗಲವಾದರೆ ಅದೇ ಗಾಳಿ ನಿಧಾನವಾಗಿ ಹಾಯುತ್ತದೆ, ಮೀಟರ್ ಕಡಿಮೆ ಅನ್ನುತ್ತದೆ, ಎಂಜಿನ್ ಲೀನ್ ಆಗುತ್ತದೆ. ಅಲ್ಲಿ ತಿದ್ದಬೇಕಾದದ್ದು ಮೀಟರಿನ ಸ್ಕೇಲ್.

ಫ್ಲ್ಯಾಶ್ ಮಾಡುವಾಗ ಬ್ಯಾಟರಿಗೆ ಒಳ್ಳೆಯ ಚಾರ್ಜರ್ ಹಾಕಿರಿ. ಮಧ್ಯೆ ವೋಲ್ಟೇಜ್ ಬಿದ್ದರೆ ಅರ್ಧ ಬರೆದ ಇಸಿಯು ಇಟ್ಟಿಗೆಯೇ. ಮೂಲ ಫೈಲ್‌ನ ಪ್ರತಿ ಎರಡು ಕಡೆ ಇಟ್ಟುಕೊಳ್ಳಿ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಅದರ ಎಚ್ಚರಿಕೆ ದೀಪ ಆಫ್ ಮಾಡಿಸುವುದು ಹೇಗೆ ಅಂತ ಮುಂದೆ ಕೇಳುವುದು ಬೇಡ. ಬಹಳಷ್ಟು ದೇಶಗಳಲ್ಲಿ ರಸ್ತೆಯ ಗಾಡಿಗೆ ಅದು ಕಾನೂನಿನ ಪ್ರಕಾರ ಅಪರಾಧ. ನಾನು ಉತ್ತರ ಕೊಡುವುದಿಲ್ಲ.

ಕಲಿಯುವುದೇ ಉದ್ದೇಶ ಆದರೆ ಮೇಜಿನ ಮೇಲೆ ಕಲಿಯಿರಿ. ಸ್ಪೀಡುಯಿನೋ ಆರ್ಡುಯಿನೋ ಮೆಗಾ ಬೋರ್ಡ್ ಮೇಲೆ ಓಡುತ್ತದೆ. ಇನ್ನೊಂದು ಬೋರ್ಡ್‌ನಿಂದ ಕ್ರ್ಯಾಂಕ್ ಸಿಗ್ನಲ್ ಹುಟ್ಟಿಸಿ ಕೊಟ್ಟರೆ ಎಂಜಿನ್ ಇಲ್ಲದೆಯೇ ಆರ್‌ಪಿಎಂ ಏರಿಸಬಹುದು. ಯಾವ ಟೇಬಲ್ ಬದಲಿಸಿದರೆ ಇಂಜೆಕ್ಟರ್ ಸಮಯ ಎಷ್ಟು ಬದಲಾಗುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಏನೂ ಸುಡುವುದಿಲ್ಲ.

ಹೊಸ ಸ್ಪ್ಯಾನರ್

ಓಡಿಸುವ ವಿಇ ಹೆಚ್ಚುಕಡಿಮೆ ಆಯಿತು. 3,500 ಆರ್‌ಪಿಎಂವರೆಗೆ, ಅರ್ಧ ಥ್ರಾಟಲ್‌ವರೆಗೆ ಶೇ 3ರ ಒಳಗಿದೆ. ಎರಡು ತೊಂದರೆ ಉಳಿದಿವೆ. ಒಂದು, ಪೆಡಲ್ ತಟ್ಟನೆ ಒತ್ತಿದರೆ ಒಂದು ಕ್ಷಣ ಮುಗ್ಗರಿಸುತ್ತದೆ. ಇನ್ನೊಂದು, ಬಿಸಿ ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಲೀನ್ ಆಗಿ ಒದ್ದಾಡುತ್ತದೆ. ಒಂದಷ್ಟು ದೂರ ಓಡಿದರೆ ತಾನೇ ಸರಿಹೋಗುತ್ತದೆ.

ಮತ್ತೆ ಅದೇ ಹಳೆಯ ಪ್ರಶ್ನೆ. ಟೈಮಿಂಗ್ ಯಾವಾಗ?

ಕಾರ್ಬ್ ಕಾಲದವನು

ಮೊದಲನೆಯದು ಆಕ್ಸಲರೇಶನ್ ಎನ್‌ರಿಚ್‌ಮೆಂಟ್. ಪೋರ್ಟ್‌ಗೆ ಸಿಂಪಡಿಸಿದ ಪೆಟ್ರೋಲ್ ಎಲ್ಲ ಸಿಲಿಂಡರ್ ಒಳಗೆ ಹೋಗುವುದಿಲ್ಲ, ಒಂದು ಪಾಲು ಗೋಡೆಗೆ ಅಂಟಿಕೊಳ್ಳುತ್ತದೆ. ಥ್ರಾಟಲ್ ತಟ್ಟನೆ ತೆರೆದಾಗ ಗಾಳಿ ಮೊದಲು ನುಗ್ಗುತ್ತದೆ, ಗೋಡೆಯ ತೇವ ಹೆಚ್ಚುವವರೆಗೆ ಪೆಟ್ರೋಲ್ ಸಾಲದು. ನಮ್ಮ ಕಾರ್ಬ್ಯುರೇಟರ್‌ನಲ್ಲಿ ಆಕ್ಸಲರೇಟರ್ ಪಂಪ್ ಇದ್ದದ್ದು ಇದಕ್ಕೇ. ವಿಇ ಸರಿಯಾದ ಮೇಲೇ ಇದನ್ನು ಮುಟ್ಟಬೇಕು, ನೀವು ಈಗ ಮುಟ್ಟಬಹುದು. ಸ್ವಲ್ಪ ಸ್ವಲ್ಪ ಏರಿಸಿ. ಲೀನ್ ಆಗಿ ಮುಗ್ಗರಿಸುವುದೂ ರಿಚ್ ಆಗಿ ಮುಗ್ಗರಿಸುವುದೂ ಸೀಟಿನಲ್ಲಿ ಕೂತರೆ ಒಂದೇ ಥರ. ಲಾಗ್ ನೋಡದೆ ಏರಿಸಬೇಡಿ.

ಎರಡನೆಯದು ಹೀಟ್ ಸೋಕ್. ನಿಂತ ಗಾಡಿಯಲ್ಲಿ ಗಾಳಿಯ ತಾಪಮಾನದ ಸೆನ್ಸರ್ ಮ್ಯಾನಿಫೋಲ್ಡ್ ಬಿಸಿಗೆ ಕಾಯುತ್ತದೆ. ಒಳಗೆ ಬರುವ ಗಾಳಿ ಅಷ್ಟು ಬಿಸಿ ಇರುವುದಿಲ್ಲ. ಇಸಿಯು ಮಾತ್ರ ಗಾಳಿ ತುಂಬಾ ತೆಳುವಾಗಿದೆ ಅಂದುಕೊಂಡು ಪೆಟ್ರೋಲ್ ಕಡಿಮೆ ಮಾಡುತ್ತದೆ. ಸೆನ್ಸರ್ ಅನ್ನು ಲೋಹದಿಂದ ದೂರ, ಏರ್ ಫಿಲ್ಟರ್ ಕಡೆಯ ಪೈಪ್‌ಗೆ ಸರಿಸಿ. ಅರ್ಧ ಕಾಯಿಲೆ ಅಲ್ಲೇ ಹೋಗುತ್ತದೆ.

ಕೋಲ್ಡ್ ಸ್ಟಾರ್ಟ್ ಕೊನೆಗೆ. ಅದಕ್ಕೆ ಪ್ರತಿ ಸಲ ಎಂಜಿನ್ ಪೂರ್ತಿ ತಣ್ಣಗಾಗಬೇಕು, ದಿನಕ್ಕೊಂದೇ ಅವಕಾಶ. ಅವಸರ ನಡೆಯುವುದಿಲ್ಲ.

ರೆಡ್‌ಲೈನ್ ರಾಣಿ

ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ನಡೆಸುವುದೇ ನನ್ನ ಕೆಲಸ, ಟೈಮಿಂಗ್ ಬಗ್ಗೆ ನಾನು ಹೇಳುತ್ತೇನೆ. ಪೆಟ್ರೋಲ್ ತಪ್ಪಿದರೆ ವೈಡ್‌ಬ್ಯಾಂಡ್ ತೋರಿಸುತ್ತದೆ. ಟೈಮಿಂಗ್ ತಪ್ಪಿದರೆ ತೋರಿಸಲು ಅಂಥ ಗೇಜ್ ಯಾವುದೂ ಇಲ್ಲ. ಅದಕ್ಕೇ ಅದನ್ನು ರಸ್ತೆಯ ಮೇಲೆ ಹುಡುಕಬೇಡಿ ಅನ್ನುವುದು.

ಕಿಡಿ ಬೇಗ ಬಿದ್ದಷ್ಟೂ ಶಕ್ತಿ ಏರುತ್ತದೆ, ಒಂದು ಹಂತದವರೆಗೆ. ಸಿಲಿಂಡರ್ ಒಳಗಿನ ಗರಿಷ್ಠ ಒತ್ತಡ, ಪಿಸ್ಟನ್ ಮೇಲೆ ಬಂದ ನಂತರ ಕ್ರ್ಯಾಂಕ್ 15 ಡಿಗ್ರಿ ಆಸುಪಾಸು ತಿರುಗಿದಾಗ ಬಂದರೆ ಅದೇ ಸರಿಯಾದ ಜಾಗ. ಲೋಡ್ ಹಿಡಿದು ನಿಲ್ಲಿಸುವ ಡೈನೋದಲ್ಲಿ ಆರ್‌ಪಿಎಂ ಒಂದೇ ಕಡೆ ಇಟ್ಟು ಎರಡೆರಡು ಡಿಗ್ರಿ ಏರಿಸುತ್ತೇವೆ. ಟಾರ್ಕ್ ಏರುತ್ತದೆ, ಆಮೇಲೆ ಸಪಾಟಾಗುತ್ತದೆ. ಸಪಾಟಾದ ಮೇಲೂ ಏರಿಸುವುದು ಮೂರ್ಖತನ. ಶಕ್ತಿ ಬರುವುದಿಲ್ಲ, ಪಿಸ್ಟನ್ ಮೇಲೆ ಒತ್ತಡ ಮಾತ್ರ ಜಾಸ್ತಿ. ಕೆಲವು ಎಂಜಿನ್‌ಗಳು ಸಪಾಟಾಗುವ ಮುಂಚೆಯೇ ನಾಕ್ ಮಾಡುತ್ತವೆ, ಅಂದರೆ ಒಳಗಿನ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಅಲ್ಲಿ ನಾಕ್ ಬಂದ ಜಾಗದಿಂದ ಎರಡು ಮೂರು ಡಿಗ್ರಿ ಹಿಂದೆ ಬರುತ್ತೇವೆ.

ನಾಕ್ ಕೇಳುವುದೂ ಕಲಿಯಬೇಕಾದದ್ದೇ. ಎಂಜಿನ್ ಬ್ಲಾಕ್‌ಗೆ ಮೈಕ್ ಬಿಗಿದು ಹೆಡ್‌ಫೋನ್‌ನಲ್ಲಿ ಕೇಳುತ್ತೇವೆ. ಸಿಲಿಂಡರ್‌ನ ಅಗಲದ ಮೇಲೆ ಅದರ ಸ್ವರ ನಿಲ್ಲುತ್ತದೆ. 86 ಮಿಲಿಮೀಟರ್ ಬೋರ್‌ಗೆ 6.5 ಕಿಲೋಹರ್ಟ್ಸ್ ಸುತ್ತಮುತ್ತ. ಇಸಿಯುನಲ್ಲಿ ನಾಕ್ ಸೆನ್ಸರ್ ಸೆಟ್ ಮಾಡುವಾಗ ಬೋರ್ ಕೇಳುವುದು ಇದಕ್ಕೇ. ಆ ಕ್ಯಾಮ್, ಆ ವಾಲ್ವ್‌ಗಳ ಸದ್ದೂ ಸೆನ್ಸರಿಗೆ ನಾಕ್ ಥರ ಕೇಳಬಹುದು, ಹಾಗಾಗಿ ಸೆನ್ಸರ್ ಒಂದನ್ನೇ ನಂಬಬೇಡಿ.

ಸ್ಪ್ಯಾನರ್ ಅವರೇ, ಡೈನೋಗೆ ಬರುವವರೆಗೆ ಬೇಸ್ ಮ್ಯಾಪ್‌ನ ಟೈಮಿಂಗ್ ಹಾಗೇ ಇರಲಿ. ಐಡಲ್‌ನಲ್ಲಿ 12ರಿಂದ 15 ಡಿಗ್ರಿ ಇಟ್ಟರೆ ಸಾಕು. ಐಡಲ್ ಬಿದ್ದಾಗ ಇಸಿಯು ಟೈಮಿಂಗ್ ಏರಿಸಿ ಎತ್ತಿ ಹಿಡಿಯಲು ಜಾಗ ಉಳಿಯುತ್ತದೆ. ಪೂರ್ತಿ ಥ್ರಾಟಲ್‌ನ ಸೆಲ್‌ಗಳನ್ನು ರಸ್ತೆಯಲ್ಲಿ ಮುಟ್ಟಬೇಡಿ. ಸ್ಟೀರಿಂಗ್ ಹಿಡಿದವರು ಲ್ಯಾಪ್‌ಟಾಪ್ ನೋಡಬಾರದು, ಇದರಲ್ಲಿ ಚರ್ಚೆಯೇ ಇಲ್ಲ.

ಹೊಸ ಸ್ಪ್ಯಾನರ್

ಮೇಡಂ, ಪೂರ್ತಿ ಅರ್ಥವಾಯಿತು. ಗಾಳಿಯ ಸೆನ್ಸರ್ ಸರಿಸಿದೆ, ಬಿಸಿ ಸ್ಟಾರ್ಟ್ ಈಗ ಬಹಳ ವಾಸಿ. ಡೈನೋಗೆ ಸಮಯ ತೆಗೆದುಕೊಂಡಿದ್ದೇನೆ. ಬರುವಾಗ ಏನೇನು ಸಿದ್ಧ ಮಾಡಿಕೊಂಡಿರಬೇಕು?

ರೆಡ್‌ಲೈನ್ ರಾಣಿ

ಯಾವಾಗಲೂ ಹಾಕಿಸುವ ಅದೇ ಪೆಟ್ರೋಲ್, ಟ್ಯಾಂಕ್ ತುಂಬಾ. ಹೊಸ ಪ್ಲಗ್, ಹೊಸ ಎಣ್ಣೆ. ಕ್ಲಚ್ ಜಾರುತ್ತಿಲ್ಲ ಅಂತ ಖಾತ್ರಿ. ಹೋಸ್ ಕ್ಲಾಂಪ್ ಎಲ್ಲ ಒಮ್ಮೆ ಬಿಗಿ ಮಾಡಿ. ಡೈನೋ ಸಮಯದ ಅರ್ಧ ಭಾಗ ಜನ ಕೂಲಂಟ್ ಲೀಕ್ ಹುಡುಕುವುದರಲ್ಲೇ ಕಳೆಯುತ್ತಾರೆ.

ಇದುವರೆಗಿನ ಫೈಲ್‌ಗಳನ್ನೆಲ್ಲ ತನ್ನಿ, ಕೊನೆಯದು ಮಾತ್ರ ಅಲ್ಲ. ಲ್ಯಾಪ್‌ಟಾಪ್ ನಿಮ್ಮದೇ ಇರಲಿ. ಟ್ಯೂನರ್ ಪಕ್ಕದಲ್ಲಿ ಕೂತು ಪ್ರತಿ ಬದಲಾವಣೆಗೂ ಯಾಕೆ ಅಂತ ಕೇಳಿ. ಉತ್ತರ ಹೇಳದವರ ಹತ್ತಿರ, ಕೆಲಸ ಮುಗಿದ ಮೇಲೆ ಫೈಲ್‌ಗೆ ಪಾಸ್‌ವರ್ಡ್ ಹಾಕಿ ಕೊಡುವವರ ಹತ್ತಿರ ಹೋಗಬೇಡಿ.

ಸೋಲ್ಡರ್ ಹೊಗೆ

ಜೊತೆಗೆ ಲಾಗ್‌ನಲ್ಲಿ ಸಿಂಕ್ ಲಾಸ್ ಕೌಂಟರ್ (ಇಸಿಯುಗೆ ಕ್ರ್ಯಾಂಕ್ ಜಾಗ ಎಷ್ಟು ಸಲ ತಪ್ಪಿತು ಅನ್ನುವ ಲೆಕ್ಕ) ಸೇರಿಸಿಕೊಳ್ಳಿ. 6,000ದ ಮೇಲೆ ಅದು ಒಂದೇ ಒಂದು ಸಲ ಏರಿದರೂ ಅಲ್ಲೇ ನಿಲ್ಲಿಸಿ. ಅಂದರೆ ಕ್ರ್ಯಾಂಕ್ ಸಿಗ್ನಲ್‌ನಲ್ಲಿ ಗದ್ದಲ ಇದೆ. ಪಿಸ್ಟನ್ ಎಲ್ಲಿದೆ ಅಂತ ಗೊತ್ತಿಲ್ಲದ ಇಸಿಯುಗೆ ಟೈಮಿಂಗ್ ಟೇಬಲ್ ಬರೆದು ಏನು ಮಾಡುತ್ತೀರಿ.

ಹೊಸ ಸ್ಪ್ಯಾನರ್

ಈಗಷ್ಟೇ ಲಾಗ್ ತೆರೆದು ನೋಡಿದೆ. 5,200ರಲ್ಲಿ ಕೌಂಟರ್ 2 ತೋರಿಸುತ್ತಿದೆ. ಕ್ರ್ಯಾಂಕ್ ಸೆನ್ಸರಿನ ವೈರ್ ಇಗ್ನಿಷನ್ ಕಾಯಿಲ್ ವೈರ್ ಪಕ್ಕದಲ್ಲೇ ಕಟ್ಟಿದೆ. ಬಿಚ್ಚಿ ಬೇರೆ ದಾರಿಯಲ್ಲಿ ಎಳೆಯುತ್ತೇನೆ. ವೈರ್ ಸುತ್ತಲಿನ ಶೀಲ್ಡ್ ಅನ್ನು ಇಸಿಯು ಕಡೆ ಮಾತ್ರ ಗ್ರೌಂಡ್ ಮಾಡಬೇಕಾ, ಎರಡೂ ಕಡೆಯಾ?

ಸೋಲ್ಡರ್ ಹೊಗೆ

ಇಸಿಯು ಕಡೆ ಮಾತ್ರ.